ತೊಳೆದು ಬೋರಲು ಹಾಕಿದ ಬಾಟಲಿ

ಆ ಸಂಜೆ ನಡುಮನೆಯಲ್ಲಿ ಎಲ್ಲರೂ ಇದ್ದೆವು. ಅಜ್ಜಿ ಕಂಬಕ್ಕೆ ಒರಗಿ, ಕಾಲು ಚಾಚಿ, ಮಡಿಲ ತುಂಬ ಈರುಳ್ಳಿ ಹಾಕಿಕೊಂಡು ಕೊಳೆತದ್ದನ್ನು ಬೇರೆ ಮಾಡುತ್ತಿದ್ದಳು. ಅವಳೆದುರಿಗೆ ಅಮ್ಮನೂ ಅದೇ ಕೆಲಸಕ್ಕೆ ಕೂತಿದ್ದಳು. ಅಪ್ಪ ಬಾಗಿಲ ಹತ್ತಿರ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ದಬ್ಬಣವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವನ ರೂಢಿ. ಅಪ್ಪನ ತಂಗಿ ಗೌರತ್ತೆ ಅಡುಗೆಮನೆಯ ಬಾಗಿಲಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಮನಸ್ಸಿನಲ್ಲೇ ಓದಿದರೆ ಅದು ಓದಿದ ಲೆಕ್ಕವಲ್ಲ, ಅಜ್ಜಿಯ ಕಿವಿಗೆ ಬೀಳಬೇಕು. ಅಜ್ಜಂಪುರದ ಆ ಮನೆ ಅರ್ಧ ಮನೆ, ಅರ್ಧ ಮಂಡಿ. ಬುಕ್ಕಾಂಬುಧಿಯ ಕಡೆಯಿಂದ ಬಂದ ಈರುಳ್ಳಿ ಮೊದಲು ನಮ್ಮ ನಡುಮನೆಯಲ್ಲಿ ಮಲಗಿ, ಆಮೇಲೆ ಲಾರಿ ಹತ್ತುತ್ತಿತ್ತು. ನಮ್ಮ ಬಟ್ಟೆ, ಹಾಸಿಗೆ, ತಲೆಗೂದಲು, ದೇವರ ಮುಂದಿನ ಬತ್ತಿ ಎಲ್ಲಕ್ಕೂ ಅದರದ್ದೇ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿಯರು ಕಣ್ಣು ಉರಿಯುತ್ತೆ ಎಂದು ನಗುತ್ತಿದ್ದರು.

ನಾನು ಓದುತ್ತಿದ್ದುದು ದೇಹದ ಪಾಠ. ಮಾಂಸಖಂಡ ಎಂಬ ಮಾತು ಬಂದದ್ದೇ ಅಜ್ಜಿಯ ಕೈ ನಿಂತಿತು. ಬೆಳಗಾದರೆ ಕೈಯಲ್ಲಿ ಲಿಂಗ ಹಿಡಿದು ಕೂರುವ ಮನೆ ಅದು. ಆ ಪದಾರ್ಥವಿರಲಿ, ಅದರ ಹೆಸರೂ ಒಳಗೆ ಬರುವಂತಿರಲಿಲ್ಲ.

"ಲೇ ಚಂದ್ರಿ, ಪೂಜೆ ಮಾಡೋ ಮನೇಲಿ ಏನೇ ಅದು ನೀನು ಓದ್ತಿರೋದು?"

"ಪುಸ್ತಕದಲ್ಲೇ ಹಂಗೈತೆ ಕಣವ್ವ," ಎಂದಳು ಗೌರತ್ತೆ.

"ಪುಸ್ತಕ ಬರೆದೋನು ಉಣ್ಣೋ ಮನೆ ಬ್ಯಾರೆ. ಇವಳಿಗೆ ಬ್ಯಾರೆ ಮಾತು ಹುಡುಕಿಕೊಡು."

ಗೌರತ್ತೆ ನಕ್ಕು, ಸ್ನಾಯು ಅಂಗಾಂಶ ಅಂತ ಓದೇ, ಅವ್ವಂಗೆ ಅದು ಮಡಿ, ಎಂದಳು. ಹಾಗೆ ಅಂಗಾಂಶ ಎಂಬ ಮಾತು ನಮ್ಮ ಮನೆಯೊಳಕ್ಕೆ ಬಂತು.

ಗೌರತ್ತೆ ಎಸ್ಸೆಸ್ಸೆಲ್ಸಿ ಪಾಸಾಗಿ ಶಿವಮೊಗ್ಗದಲ್ಲಿ ನರ್ಸ್ ಟ್ರೈನಿಂಗಿಗೆ ಹೋಗಬೇಕೆಂದಿದ್ದವಳು. ಅಜ್ಜ ಕಳಿಸಿರಲಿಲ್ಲ. ಆಮೇಲೆ ಊರಿನ ಬಾಲವಾಡಿಯಲ್ಲಿ ಟೀಚರಾದಳು. ಮದುವೆಯ ಮಾತುಗಳು ಬಂದವು, ಹೋದವು. ಯಾಕೆ ಹೋದವು ಎಂದು ನಮ್ಮ ಮುಂದೆ ಯಾರೂ ಹೇಳುತ್ತಿರಲಿಲ್ಲ. ಅವಳಿಗೆ ಯಾವುದನ್ನೂ ಕೈಯಲ್ಲಿ ಮಾಡಿ ತೋರಿಸದೆ ಹೇಳಲು ಬರುತ್ತಿರಲಿಲ್ಲ. ಅವತ್ತೂ ಜರಡಿ ಪಕ್ಕಕ್ಕಿಟ್ಟು, ಮೊರದ ತುಂಬ ರಾಗಿಹಿಟ್ಟು ಹರಡಿ ಬೆರಳಲ್ಲಿ ಒಂದು ಸುತ್ತು ಎಳೆದಳು. ಆ ಗೆರೆ ಕೋಶಪೊರೆ, ಗೆರೆಯೊಳಗಿನ ಹಿಟ್ಟು ಕೋಶರಸ, ನಟ್ಟನಡುವೆ ಊರಿದ ಅಲಸಂದೆ ಕಾಳು ಕೋಶಕೇಂದ್ರ. ಅಪ್ಪಣೆಯೆಲ್ಲ ಕಾಳಿನದು ಎಂದಳು. ಅಜ್ಜಿಯ ಮುಖ ನೋಡಿಕೊಂಡೇ ಹಾಗಂದದ್ದು. ಆಮೇಲೆ ಆ ಸುತ್ತಿಗೆ ತಗುಲಿಕೊಂಡಂತೆ ಇನ್ನೊಂದು, ಅದರ ಪಕ್ಕ ಮತ್ತೊಂದು ಎಳೆಯುತ್ತ ಮೊರ ತುಂಬಿಸಿದಳು. ಒಂಟಿಯಾಗಿದ್ದರೆ ಜೀವಕೋಶ, ಒಂದೇ ಬಗೆಯವು ಒಟ್ಟುಗೂಡಿ ಒಂದೇ ಕೆಲಸಕ್ಕೆ ನಿಂತರೆ ಅಂಗಾಂಶ. ಈ ನಲವತ್ತು ವರ್ಷದಲ್ಲಿ ನಾನೇ ಎಷ್ಟೋ ಮಕ್ಕಳಿಗೆ ಆ ಪಾಠ ಮಾಡಿದ್ದೇನೆ, ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಮಾತನ್ನೂ ತನ್ನ ಕೈಯಲ್ಲಿ ಒಮ್ಮೆ ತಿರುಗಿಸಿ ನೋಡದೆ ಒಳಗೆ ಬಿಟ್ಟುಕೊಳ್ಳುವವಳಲ್ಲ. ಮೈಯ ಹೊರಗೂ ಒಳಗೂ ಹೊದ್ದುಕೊಂಡಿರುವ ಅನುಲೇಪಕ ಅಂಗಾಂಶಕ್ಕೆ, ಓ ಸಾರಿಸಿದಂಗೆ ಅನ್ನು, ಎಂದಳು. ಒಂದನ್ನೊಂದು ಹಿಡಿದಿಡುವ ಸಂಯೋಜಕ ಅಂಗಾಂಶ ಎಂದಾಗ ಅಪ್ಪನ ಕೈಯ ಹುರಿಯನ್ನು ಕಣ್ಣಲ್ಲೇ ತೋರಿಸಿದಳು. ರಕ್ತವೂ ಸಂಯೋಜಕವೇ ಎಂದಾಗ ಮಾತ್ರ ಒಪ್ಪಲಿಲ್ಲ. ಹರಿಯೋದು ಹೆಂಗೇ ಕಟ್ಟುತ್ತೆ ಎಂದು ಕೇಳಿದಳು. ಎಲ್ಲ ಕಡೆ ಓಡಾಡಿ ಎಲ್ಲರಿಗೂ ಬೇಕಾದ್ದು ಮುಟ್ಟಿಸಿ ಬರುತ್ತದಲ್ಲ, ಅದಕ್ಕೇ, ಎಂದಳು ಗೌರತ್ತೆ.

"ಹಂಗಾದ್ರೆ ಅದು ನಮ್ಮ ಪಕ್ಕದ್ಮನೆ ಶಾರದಿ ಕಣೇ."

ಅಪ್ಪ ನಕ್ಕ ರಭಸಕ್ಕೆ ಬಾಯಲ್ಲಿದ್ದ ದಬ್ಬಣ ಕೆಳಗೆ ಬಿತ್ತು. ಊರಿನ ಸುದ್ದಿಯನ್ನೆಲ್ಲ ಮನೆಮನೆಗೆ ಮುಟ್ಟಿಸುವ ಶಾರದಮ್ಮನಿಗೆ ಅವತ್ತಿನಿಂದ ನಮ್ಮ ಮನೆಯೊಳಗೆ ಸಂಯೋಜಕಿ ಎಂದೇ ಹೆಸರಾಯಿತು.

ಮೈಯ ವಿಚಾರದಲ್ಲಿ ಅಜ್ಜಿಗೆ ತನ್ನದೇ ಕಟ್ಟುನಿಟ್ಟಿತ್ತು. ಮೈಯಿಂದ ಬೇರೆಯಾದದ್ದು ಯಾವುದೂ ಹಿತ್ತಿಲು ದಾಟಿ ಆಚೆ ಹೋಗಬಾರದು. ಬಾಚಿದ ಕೂದಲನ್ನು ಉಂಡೆ ಮಾಡಿ ಬೇಲಿಯ ಬುಡದಲ್ಲಿ ಹೂಳಬೇಕು. ನಮ್ಮ ಹಾಲುಹಲ್ಲುಗಳು, ಮನೆಯಲ್ಲಿ ಹುಟ್ಟಿದ ಕೂಸುಗಳ ಮಾಸು, ಒಣಗಿ ಬಿದ್ದ ಹೊಕ್ಕುಳಬಳ್ಳಿ ಎಲ್ಲ ಹಿತ್ತಿಲ ತೆಂಗಿನ ಮರದ ಸುತ್ತಲೇ ಇದ್ದವು. ಯಾರದು ಯಾವ ಕಡೆ ಎಂಬುದು ಅಜ್ಜಿಗೆ ಗೊತ್ತಿತ್ತು. ನಾನು ಮೂಡಲ ಕಡೆ, ಅಪ್ಪ ಬಾವಿ ಕಡೆ, ಗೌರತ್ತೆ ಬಚ್ಚಲ ನೀರು ಹರಿದುಬರುವ ಕಡೆ. ಅಜ್ಜ ವಯಸ್ಸಿನಲ್ಲಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟುಕೊಂಡಿದ್ದನಂತೆ. ಉಳಿದವರೆಲ್ಲ ಅಜ್ಜನನ್ನು ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರೆ, ಅಜ್ಜಿ ಹುಲ್ಲಿನೊಳಗೆ ಕೈಯಾಡಿಸಿ ಬೆರಳು ಹುಡುಕಿ, ವಿಭೂತಿ ಹಚ್ಚಿ ಆ ತೆಂಗಿನ ಬುಡದಲ್ಲೇ ಮಣ್ಣು ಮಾಡಿದ್ದಳು. ಎಷ್ಟೋ ವರ್ಷದ ಮೇಲೆ ಅಜ್ಜ ತೀರಿಕೊಂಡಾಗ, ನಮ್ಮ ಹೊಲದಲ್ಲಿ ಅವನನ್ನು ಕೂರಿಸಿ ಮಣ್ಣು ಮುಚ್ಚುವ ಮುಂಚೆ, ಆ ಜಾಗದ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವನ ಮಡಿಲಿಗೆ ಹಾಕಿದಳು. ಇಡಿಯಾಗಿ ಬಂದೋರು ಇಡಿಯಾಗಿ ಹೋಗ್ಬೇಕು ಎಂದಳು. ಮಠದಿಂದ ಬಂದಿದ್ದ ಅಯ್ಯನೋರು ಕೂಡ ಅದಕ್ಕೆ ಒಪ್ಪಿದರು.

ಪಾಠ ಮುಗಿದ ವಾರ ಸೈನ್ಸ್ ಮೇಷ್ಟ್ರು ಮೈಕ್ರೋಸ್ಕೋಪ್ ತೋರಿಸುವುದಾಗಿ ಹೇಳಿ ಈರುಳ್ಳಿ ತರಲು ಹೇಳಿದರು. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಮನೆಯ ವಾಸನೆಗೆ ನನಗೆ ಮರ್ಯಾದೆ ಬಂದದ್ದು ಅದೊಂದೇ ದಿನ. ಈರುಳ್ಳಿಯ ಒಳಪದರದ, ಕಣ್ಣಿಗೆ ಕಂಡೂ ಕಾಣದಂಥ ಸಿಪ್ಪೆ ತೆಗೆದು, ಗಾಜಿನ ಮೇಲೆ ಹಾಸಿ, ಬಣ್ಣದ ಹನಿ ಬಿಟ್ಟರು. ಒಂದು ಕಣ್ಣು ಮುಚ್ಚಿ ನೋಡಿದೆ. ಇಟ್ಟಿಗೆ ಜೋಡಿಸಿದಂತೆ ಸಾಲುಸಾಲು ಕೋಣೆಗಳು, ಪ್ರತಿ ಕೋಣೆಯೊಳಗೂ ಒಂದು ಕಾಳು. ಗೌರತ್ತೆ ಮೊರದಲ್ಲಿ ಬರೆದದ್ದೇ ಇಲ್ಲಿತ್ತು. ಮನೆಗೆ ಓಡಿ ಬಂದು ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದಳು, ಮತ್ತೆ ಮತ್ತೆ ಕೇಳಿದಳು. ಅವಳೂ ಪುಸ್ತಕದ ಚಿತ್ರ ನೋಡಿದ್ದವಳೇ ಹೊರತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳಲ್ಲ. ಮೇಷ್ಟ್ರನ್ನು ಕೇಳು, ಶನಿವಾರ ನಾನೂ ಬತ್ತೀನಿ, ಎಂದಳು. ಮೇಷ್ಟ್ರು ಬರಲಿ ಎಂದರು. ಆ ಶನಿವಾರದೊಳಗೆ, ತಲೆಗೆ ನೀರು ಹಾಕಿಕೊಳ್ಳುವಾಗ, ಎದೆಯಲ್ಲಿ ಕೈಗೆ ಸಿಗುವಂಥ ಗಂಟಿದೆ ಎಂದು ಅವಳು ಅಮ್ಮನಿಗೆ ಹೇಳಿದಳು. ನೋವಿಲ್ಲ ಅತ್ತಿಗೆ, ಸುಮ್ಮನೆ ಐತೆ ಅಷ್ಟೆ, ಅಂದಳಂತೆ.

ತರೀಕೆರೆಯ ಡಾಕ್ಟರು ನೋಡಿ ಗಂಟು ತೆಗೆಯಲೇಬೇಕೆಂದರು. ಅಪ್ಪ ಅಮ್ಮ ಇಬ್ಬರೂ ಜೊತೆಗೆ ಹೋದರು. ಮನೆಯಲ್ಲಿ ಅಜ್ಜಿ ಮತ್ತು ನಾನು. ಶನಿವಾರ ಆಪರೇಷನ್ ಆಯಿತು. ಅಮ್ಮ ಗೌರತ್ತೆಯ ಹತ್ತಿರ ಉಳಿದಳು, ಅಪ್ಪ ಸಂಜೆಯ ಬಸ್ಸಿಗೆ ಒಬ್ಬನೇ ಬಂದ. ಅವನ ಕೈಯಲ್ಲೊಂದು ಅಗಲ ಬಾಯಿಯ ಗಾಜಿನ ಬಾಟಲಿ. ಮೇಲೆ ಅಂಟಿಸಿದ ಚೀಟಿಯಲ್ಲಿ ಗೌರತ್ತೆಯ ಹೆಸರು, ಒಳಗೆ ನೀರಿನಂಥ ಔಷಧ, ಅದರಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ, ಬೂದುಬಣ್ಣಕ್ಕೆ ತಿರುಗಿದ್ದ ಒಂದು ಚೂರು. ಅದನ್ನು ಶಿವಮೊಗ್ಗದ ಲ್ಯಾಬಿಗೆ ಕೊಡಬೇಕಿತ್ತು. ಅದು ಯಾವ ಬಗೆಯ ಗಂಟು ಎಂದು ಅಲ್ಲಿ ನೋಡಿ ಹೇಳಿದ ಮೇಲೆಯೇ ಮುಂದಿನ ಔಷಧ. ಭಾನುವಾರ ಲ್ಯಾಬು ಮುಚ್ಚಿರುವುದರಿಂದ ಸೋಮವಾರ ಬೆಳಿಗ್ಗೆ ಹೋಗುತ್ತೇನೆ ಎಂದು ಅಪ್ಪ ಅದನ್ನು ನಡುಮನೆಯ ಗೂಡಿನಲ್ಲಿಟ್ಟ. ಅಜ್ಜಿ ಕೇಳಿದ್ದಕ್ಕೆ, ಗೌರೀದು ಕಣವ್ವ, ತೆಗೆದಿದ್ದು, ಎಂದಷ್ಟೇ ಹೇಳಿದ. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವ ಚೈತನ್ಯ ಅವನಲ್ಲಿ ಉಳಿದಿರಲಿಲ್ಲ. ಅಜ್ಜಿ ಗೂಡಿನ ಎದುರು ತುಂಬ ಹೊತ್ತು ನಿಂತಿದ್ದಳು.

ಭಾನುವಾರ ನಾನೂ ಅಪ್ಪನೂ ಬುತ್ತಿ ತೆಗೆದುಕೊಂಡು ತರೀಕೆರೆಗೆ ಹೋದೆವು. ಗೌರತ್ತೆ ಮಂಚದ ಮೇಲೆ ಒರಗಿ ಕೂತಿದ್ದಳು. ಮುಖ ಬಾಡಿದ್ದರೂ ನನ್ನನ್ನು ಕಂಡು ಹತ್ತಿರ ಕರೆದಳು. ಬಾಟಲಿ ನೋಡಿದೆಯಾ ಎಂದು ಕೇಳಿದಳು. ನೋಡಿದೆ ಎಂದೆ.

"ಅಲ್ಲಿ ಅದನ್ನ ಎಳೆ ಎಳೆಯಾಗಿ ಕುಯ್ದು, ಬಣ್ಣ ಹಾಕಿ ನೋಡ್ತಾರಂತೆ ಕಣೇ. ನಂದೂ ಈರುಳ್ಳಿ ಥರಾನೇ ಕೋಣೆ ಕೋಣೆ ಕಾಣ್ತದೇನೇ ಚಂದ್ರಿ?"

ಕಾಣುತ್ತೆ ಅತ್ತೆ, ಎಂದೆ. ಕೋಣೆಗಳೆಲ್ಲ ಒಂದೇ ಅಳತೆಗಿದ್ದು ಕಾಳು ಚಿಕ್ಕದಿದ್ದರೆ ಒಳ್ಳೆಯದಂತೆ, ಅಡ್ಡಾದಿಡ್ಡಿ ಇದ್ದು ಕಾಳು ದಪ್ಪಗಿದ್ದರೆ ಕೆಟ್ಟದಂತೆ. ಅಲ್ಲಿಯ ನರ್ಸ್ ಅವಳಿಗೆ ಹೇಳಿದ್ದಳು. ಅದನ್ನು ನನಗೆ ಹೇಳುವಾಗ ಗೌರತ್ತೆಯ ದನಿಯಲ್ಲಿ ಭಯಕ್ಕಿಂತ ಹೆಚ್ಚಾಗಿ ಕುತೂಹಲವಿತ್ತು. ತಾನು ಸೇರಲಾಗದ ಕ್ಲಾಸಿನ ಪಾಠ ಅವಳಿಗೆ ತನ್ನ ಮೈಯಿಂದಲೇ ಸಿಗುತ್ತಿತ್ತು.

ಸೋಮವಾರ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚೀಲ ಹೆಗಲಿಗೆ ಹಾಕಿ ಗೂಡಿಗೆ ಕೈ ಹಾಕಿದ. ಗೂಡು ಖಾಲಿ. ಬಾಟಲಿ ಅಡುಗೆಮನೆಯಲ್ಲಿತ್ತು. ಅಜ್ಜಿ ಅದನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಉಪ್ಪಿನಕಾಯಿ ಭರಣಿಗಳ ಪಕ್ಕ ಬೋರಲು ಹಾಕಿದ್ದಳು. ಚೀಟಿ ನೀರಿಗೆ ಬಿಚ್ಚಿಕೊಂಡು ಹೋಗಿತ್ತು. ಬಾಟಲಿಯ ಗಾಜಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು.

"ಅವ್ವಾ, ಇದರೊಳಗಿದ್ದಿದ್ದು?"

"ಅದರ ಜಾಗಕ್ಕೆ ಸೇರಿಸ್ದೆ ಕಣಪ್ಪಾ. ಮುಚ್ಚಳ ತೆಗೆದ್ರೆ ನನ್ನ ಕಣ್ಣೇ ಉರಿದುಹೋಯ್ತು. ಅಂಥದ್ರಲ್ಲಿ ಅದ್ದಿಟ್ಟವ್ರಲ್ಲೋ ಮಗೀನ. ಅವಳಿಗೆ ಉರಿಯಕಿಲ್ವಾ? ತಣ್ಣೀರಲ್ಲಿ ತೊಳೆದು, ವಿಭೂತಿ ಇಟ್ಟು, ಅವಳ ಹೊಕ್ಕುಳ ಪಕ್ಕದಲ್ಲೇ ಇಟ್ಟಿದೀನಿ."

ಅಪ್ಪ ಹಿತ್ತಿಲಿಗೆ ಹೋದ. ಹೊಸದಾಗಿ ಸಾರಿಸಿದ ಒಂದು ಅಂಗೈಯಗಲದ ಜಾಗ, ಮೇಲೆರಡು ಬಿಲ್ವಪತ್ರೆ. ಕೈಯಲ್ಲೇ ಮಣ್ಣು ತೆಗೆದ. ಇರುವೆ ಮುತ್ತಿದ್ದ ಆ ಚೂರನ್ನು ಒಂದು ಬಾಳೆಲೆಯಲ್ಲಿ ಕಟ್ಟಿಕೊಂಡು ತರೀಕೆರೆಗೆ ಓಡಿದ. ಡಾಕ್ಟರು ಕಟ್ಟು ಬಿಚ್ಚಿ ನೋಡಿ, ಇನ್ನು ಇದರಲ್ಲಿ ನೋಡಲು ಏನೂ ಉಳಿದಿಲ್ಲ ಎಂದರಂತೆ. ಗಂಟನ್ನು ಪೂರ್ತಿ ತೆಗೆದಾಗಿದೆ, ಮತ್ತೆ ಕುಯ್ದು ಕಳಿಸೋಣವೆಂದರೆ ಅಲ್ಲಿ ಗಂಟಿಲ್ಲ. ಕಾದು ನೋಡುವುದೇ ದಾರಿ, ಎಲ್ಲಾದರೂ ಕೈಗೆ ಸಿಕ್ಕರೆ ಅವತ್ತೇ ಬನ್ನಿ ಎಂದರು. ಆ ಎಲೆಯ ಕಟ್ಟನ್ನು ಅಪ್ಪ ಅಲ್ಲಿ ಬಿಸಾಡಲಿಲ್ಲ. ವಾಪಸು ತಂದು ಇದ್ದ ಜಾಗದಲ್ಲೇ ಇಟ್ಟು ಮಣ್ಣೆಳೆದ. ಅಜ್ಜಿ ಅವನ ಹಿಂದೆ ನಿಂತು, ಯಾಕೋ ಅದನ್ನ ಅಲೆದಾಡಿಸ್ತೀಯಾ, ಎಂದು ಕೇಳಿದಳು. ಅವನು ಕೈಯ ಮಣ್ಣು ಕೊಡವಿಕೊಂಡು ಮಂಡಿ ಕಡೆ ಹೋದ.

ಗೌರತ್ತೆ ಮನೆಗೆ ಬಂದ ದಿನ ಅಜ್ಜಿ ಅವಳ ಕೈ ಹಿಡಿದು ನೇರ ಹಿತ್ತಿಲಿಗೇ ಕರೆದುಕೊಂಡು ಹೋಗಿ ತೋರಿಸಿದಳು. ಹೆದರಬ್ಯಾಡ ಕಣೇ, ಬೀದಿಪಾಲು ಮಾಡಿಲ್ಲ ನಿನ್ನ, ಎಂದಳು. ನಾನೂ ಅಪ್ಪನೂ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆವು. ಗೌರತ್ತೆ ಆ ಬಿಲ್ವಪತ್ರೆ ನೋಡಿದಳು, ಅಣ್ಣನ ಮುಖ ನೋಡಿದಳು. ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥವಾದದ್ದು ಅವಳಿಗೇ.

"ಒಳ್ಳೇದಾಯ್ತು ಬಿಡವ್ವ," ಎಂದಳು.

ಆಮೇಲೆ ಅಪ್ಪನಿಗೂ ನನಗೂ ಒಂದೇ ಮಾತು ಹೇಳಿದಳು.

"ಅವ್ವಂಗೆ ಯಾರೂ ಹೇಳಬ್ಯಾಡ್ರಿ. ತಿಳಿದ್ರೆ ಅವಳು ಉಳಿಯಲ್ಲ."

ಅದಾದ ಮೇಲೆ ನಮ್ಮ ಮನೆಯಲ್ಲಿ ಅಜ್ಜಿ ಒಬ್ಬಳೇ ಮೊದಲಿನಂತೆ ಇದ್ದವಳು. ಮಗಳಿಗೆ ಗಂಜಿ ಮಾಡಿ ಕುಡಿಸುವಳು, ಬಾಲವಾಡಿಯಿಂದ ಬರುವುದು ತಡವಾದರೆ ಬೀದಿಗೆ ಬಂದು ನಿಲ್ಲುವಳು. ಗೌರತ್ತೆ ಅಜ್ಜಿಯ ಮುಂದೆ ಹೆಚ್ಚೇ ನಗುತ್ತಿದ್ದಳು. ಸಂಜೆ ನನ್ನ ಪಾಠ ನಿಲ್ಲಲಿಲ್ಲ. ಜೀವಕೋಶ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂಬ ಕೋಶವಿಭಜನೆಯ ಪಾಠಕ್ಕೆ ಬಂದಾಗ ಅವಳು ಮೊರದಲ್ಲಿ ಒಂದು ಸುತ್ತೆಳೆದು, ಅದರ ನಡುವೆ ಗೆರೆ ಹಾಕಿ, ಕಾಳನ್ನು ಎರಡಾಗಿ ಒಡೆದಳು. ಸಾಕು ಅಂದಾಗ ನಿಲ್ಲಬೇಕು ಕಣೇ, ಅದೇ ಆರೋಗ್ಯ, ಎಂದಳು. ನಿಲ್ಲದೇ ಹೋದರೆ ಎಂದು ನಾನು ಕೇಳಲಿಲ್ಲ. ಅವಳು ಅಂಗೈಯಿಂದ ಹಿಟ್ಟು ಸಮ ಮಾಡಿ, ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳ ಬಲಗೈ ಅವಳಿಗೇ ಗೊತ್ತಿಲ್ಲದಂತೆ ಆಗಾಗ ಕಂಕುಳಿಗೆ ಹೋಗಿ ಬರುತ್ತಿದ್ದುದನ್ನು ಅಮ್ಮ ನೋಡುತ್ತಿದ್ದಳು.

ಮುಂದಿನ ಈರುಳ್ಳಿ ಬರುವ ಹೊತ್ತಿಗೆ ಆ ಕೈಗೆ ಕಂಕುಳಲ್ಲೊಂದು ಗಂಟು ಸಿಕ್ಕಿತು. ಈ ಸಲ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೇ ಕರೆದೊಯ್ದರು. ಅಜ್ಜಿ ಹಟ ಮಾಡಿ ಜೊತೆಗೆ ಹೊರಟಳು, ಅವಳ ಚೀಲ ಹಿಡಿದುಕೊಂಡು ನಾನು. ಅಲ್ಲಿ ಪರೀಕ್ಷೆಗೆ ತಡವಾಗಲಿಲ್ಲ, ಹೆಸರು ಹೇಳಲೂ ತಡವಾಗಲಿಲ್ಲ. ರೋಗ ಎಲುಬಿನವರೆಗೆ ಹೋಗಿತ್ತು. ವಯಸ್ಸಾದ ಡಾಕ್ಟರು ಮಂಚದ ಹತ್ತಿರ ನಿಂತು, ಹಳೆಯ ಕಾಗದಗಳನ್ನು ಮಗುಚಿ ಹಾಕುತ್ತ, ಮೊದಲ ಸಲ ಗಂಟು ತೆಗೆದಾಗಿನ ರಿಪೋರ್ಟ್ ಎಲ್ಲಿ ಎಂದು ಕೇಳಿದರು. ಅಪ್ಪ ನೆಲ ನೋಡಿದ. ಗೌರತ್ತೆ, ಅದು ಕಳೆದುಹೋಯ್ತು ಸಾರ್, ಎಂದಳು. ಡಾಕ್ಟರಿಗೆ ಸಿಟ್ಟು ಬಂತು. ಅದೊಂದಿದ್ದರೆ ಅವತ್ತೇ ಔಷಧ ಶುರು ಮಾಡಬಹುದಿತ್ತಲ್ರೀ, ಇಡೀ ವರ್ಷ ಕಳೆದಿರಲ್ಲ, ಎಂದರು. ಅಜ್ಜಿ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಮಗಳ ಮುಖ, ಮಗನ ಮುಖ, ಕಡೆಗೆ ನನ್ನ ಮುಖ, ಒಂದಾದ ಮೇಲೊಂದು ನೋಡಿದಳು. ಯಾವ ಮುಖವೂ ಅವಳ ಕಣ್ಣಿಗೆ ಸಿಗಲಿಲ್ಲ. ಅವಳು ನಿಧಾನವಾಗಿ ಮಂಚದ ಪಟ್ಟಿ ಹಿಡಿದು ಎದ್ದು ನಿಂತಳು.

"ಅದು ಕಳೆದಿಲ್ಲ ಕಣಪ್ಪಾ. ನಾನು ಹೂತಿಟ್ಟೆ."

ಡಾಕ್ಟರು ಅವಳನ್ನೇ ನೋಡಿದರು. ಆಮೇಲೆ ಸ್ಟೂಲು ಎಳೆದು ಅವಳನ್ನು ಕೂರಿಸಿ, ಆ ಚೂರಿನಿಂದ ಏನೇನು ತಿಳಿಯುತ್ತಿತ್ತು ಎಂಬುದನ್ನು ಸಾವಕಾಶವಾಗಿ ಹೇಳಿದರು. ಸಿಟ್ಟು ಮಾಡಿಕೊಂಡೇ ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಮಗಳ ಹತ್ತಿರ ಹೋದಳು. ನಿಂಗೆ ಗೊತ್ತಿತ್ತೇನೇ ಎಂದು ಕೇಳಿದಳು. ಗೌರತ್ತೆ ಅಜ್ಜಿಯ ಕೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು, ಅಷ್ಟೆ.

ಗೌರತ್ತೆ ಮನೆಯಲ್ಲೇ ಹೋದಳು, ಒಂದು ಮಧ್ಯಾಹ್ನ, ಅಜ್ಜಿಯ ಮಡಿಲಲ್ಲಿ ತಲೆಯಿಟ್ಟುಕೊಂಡು. ಕೊನೆಕೊನೆಗೆ ಅವಳಿಗೆ ಈರುಳ್ಳಿ ವಾಸನೆ ಆಗುತ್ತಿಲ್ಲವೆಂದು ಅಪ್ಪ ಮಂಡಿಯನ್ನೇ ಬೇರೆ ಕಡೆಗೆ ಸಾಗಿಸಿದ್ದ. ನಡುಮನೆ ಮೊದಲ ಸಲ ಅಷ್ಟು ಖಾಲಿಯಾಗಿ, ಅಷ್ಟು ದೊಡ್ಡದಾಗಿ ಕಂಡಿತ್ತು. ಹೊಲದಲ್ಲಿ ಅಜ್ಜನ ಪಕ್ಕ ಅವಳಿಗೆ ಜಾಗ ಮಾಡಿದರು. ಹೊರಡುವ ಮುಂಚೆ ಅಜ್ಜಿ ಹಿತ್ತಿಲಿಗೆ ಹೋದಳು. ಹಿಡಿ ಮಣ್ಣು ತರಲು ಹೋದಳೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಕಾದರು. ನಾನು ಹಿಂದೆಯೇ ಹೋದೆ. ಬಚ್ಚಲ ನೀರು ಹರಿಯುವ ಕಡೆ ಕುಕ್ಕರುಗಾಲಲ್ಲಿ ಕೂತು, ಆ ಜಾಗದ ಮೇಲೆ ಅಂಗೈ ಇಟ್ಟಿದ್ದಳು. ಆಮೇಲೆ ಮಣ್ಣು ತೆಗೆಯದೆ ಎದ್ದಳು.

"ಬ್ಯಾಡ. ಇದು ಅವಳ ಜೊತೆಗೆ ಹೋಗೋದು ಬ್ಯಾಡ. ಇಲ್ಲೇ ಬಿದ್ದಿರಲಿ, ನನ್ನ ಕಣ್ಣೆದುರಿಗೆ."

ಅಲ್ಲಿಂದ ಮುಂದೆ ಅಜ್ಜಿಯ ಮಾತು ಕಡಿಮೆಯಾಯಿತು. ನಾನು ಮನಸ್ಸಿನಲ್ಲೇ ಓದಿಕೊಳ್ಳುವುದನ್ನು ಕಲಿತೆ.

ಅದಾಗಿ ಎರಡು ಮಳೆಗಾಲ ಕಳೆದಿರಬಹುದು. ಪಕ್ಕದ ಮನೆಯ ಶಾರದಮ್ಮನ ಸೊಸೆ ಮಂಜುಳಾಗೆ ಕತ್ತಿನಲ್ಲಿ ಗಂಟಾಗಿ ತರೀಕೆರೆಯಲ್ಲಿ ತೆಗೆದರು. ಅಂಥದೇ ಒಂದು ಬಾಟಲಿ ಅವರ ಮನೆಗೂ ಬಂತು. ಗಂಡ ಲಾರಿಯ ಮೇಲೆ ಹೊರರಾಜ್ಯಕ್ಕೆ ಹೋಗಿದ್ದ. ಶಾರದಮ್ಮ ಅದನ್ನು ಮುಟ್ಟಲು ಹೆದರಿ, ಜಗುಲಿಯ ಮೇಲೆ ಒಂದು ಮಂಕರಿ ಕವುಚಿ ಹಾಕಿ, ಯಾರನ್ನು ಕಳಿಸುವುದೋ ತಿಳಿಯದೆ ಕೂತಿದ್ದಳು. ಅಜ್ಜಿಗೆ ಅದು ಹೇಗೋ ಕಿವಿಗೆ ಬಿತ್ತು. ಅವಳು ಎದ್ದು ಕೈಕಾಲು ತೊಳೆದು, ಒಳಗಿನ ಪೆಟ್ಟಿಗೆಯಿಂದ ಗೌರತ್ತೆಯ ಒಂದು ಹಳೆಯ ರವಿಕೆ ತೆಗೆದುಕೊಂಡು ಅವರ ಮನೆಗೆ ಹೋದಳು. ಬಾಟಲಿಯನ್ನು ಅದರಲ್ಲಿ ಸುತ್ತಿ, ನನ್ನನ್ನು ಕರೆದು, ನಡಿ ಶಿವಮೊಗ್ಗಕ್ಕೆ ಎಂದಳು. ತರೀಕೆರೆಯಲ್ಲಿ ಬಸ್ಸು ಬದಲಾಯಿಸುವಾಗಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈ ಅಡ್ಡ ಹಿಡಿಯುತ್ತಿದ್ದಳು. ಲ್ಯಾಬಿನ ಕಿಟಕಿಯಲ್ಲಿದ್ದ ಹುಡುಗ ಬಟ್ಟೆಯ ಗಂಟು ನೋಡಿ, ಏನಜ್ಜಿ ಇದು, ಊಟ ತಂದಿದೀರಾ, ಎಂದ.

"ಅಂಗಾಂಶ ಕಣಪ್ಪಾ," ಎಂದಳು ಅಜ್ಜಿ. "ನಮ್ಮ ಪಕ್ಕದ್ಮನೆ ಸೊಸೇದು. ಚೆನ್ನಾಗಿ ನೋಡಿ ಹೇಳು."

ಅವನು ಬಾಟಲಿ ತೆಗೆದುಕೊಂಡು ಒಳಗೆ ಹೋದ. ಅಜ್ಜಿ ಅವನ ಬೆನ್ನು ಕಾಣದಾಗುವವರೆಗೆ ನೋಡಿ, ರವಿಕೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾವು ಬಸ್ ಸ್ಟ್ಯಾಂಡಿನ ಕಡೆ ನಡೆದೆವು.